ನಿಂತರೆ ಮನೆ, ಹೊರಟರೆ ಸರಕು

ಪ್ರಶ್ನೆ: ಮಗ, ಸೊಸೆ ಕ್ಯಾಲಿಫೋರ್ನಿಯದ ಫ್ರೀಮಾಂಟ್‌ನಲ್ಲಿದ್ದಾರೆ. ಈ ಬೇಸಿಗೆಗೆ ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೇವೆ. ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಯಂಥ ಟ್ರೇಲರ್ ಬಾಡಿಗೆಗೆ ಹಿಡಿದು ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣ ಎಂದು ಮಗ ಹೇಳುತ್ತಿದ್ದಾನೆ. ಅದರಲ್ಲಿ ಮಂಚ, ಸೋಫಾ, ಒಲೆ, ಶೌಚಾಲಯ ಎಲ್ಲ ಇದೆಯಂತೆ. ನನ್ನ ಹೆಂಡತಿಗೆ ಸೊಂಟನೋವು. ಎರಡು ಗಂಟೆಗಿಂತ ಹೆಚ್ಚು ಕೂರಲಾರಳು. ಆಕೆ ಟ್ರೇಲರ್‌ನೊಳಗೆ ಮಲಗಿಕೊಂಡು ಬರಬಹುದೆ? ಮಗನ ಮನೆಯ ನಾಯಿ, ಬೆಕ್ಕನ್ನೂ ಜತೆಗೆ ಅಲ್ಲೇ ಬಿಟ್ಟರೆ ಕಾರಿನಲ್ಲಿ ಜಾಗವಾಗುತ್ತದೆ ಎನ್ನುತ್ತಾಳೆ. ಮಗ ಬೇಡವೇ ಬೇಡ ಎನ್ನುತ್ತಾನೆ, ಕಾರಣ ಕೇಳಿದರೆ ಕಾನೂನು ಎಂದಷ್ಟೇ ಹೇಳಿ ಫೋನಿಡುತ್ತಾನೆ.
— ದಾವಣಗೆರೆಯ ಓದುಗರೊಬ್ಬರು

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. ನಿಮ್ಮ ಮನೆಯವರು ಆ ಟ್ರೇಲರ್‌ನೊಳಗೆ ಮಲಗಿ ಪ್ರಯಾಣ ಮಾಡಬಾರದು. ನಾಯಿ, ಬೆಕ್ಕನ್ನೂ ಅಲ್ಲಿ ಬಿಡಬಾರದು. ಆದರೆ ಕಾನೂನು ಎಂದು ಹೇಳಿ ಮಾತು ಮುಗಿಸಿದರೆ ಸಾಲದು. ಸೊಂಟನೋವಿನವರು ಮಲಗುವ ಜಾಗ ಕಣ್ಣೆದುರೇ ಇರುವಾಗ ಕೂತೇ ಬರಬೇಕು ಎಂದರೆ, ಯಾಕೆ ಎಂದು ಕೇಳುವ ಹಕ್ಕು ಅವರಿಗಿದೆ. ಆ ಯಾಕೆಗೆ ಉತ್ತರ ಕೊಡುವುದು, ಆಮೇಲೆ ಅವರ ಸೊಂಟಕ್ಕೊಂದು ದಾರಿ ಹುಡುಕುವುದು, ಎರಡೂ ಇಲ್ಲಿ ಆಗಬೇಕು.

ಅವರ ಮನಸ್ಸಿನಲ್ಲಿರುವುದು ಕಮಾನು ಬಂಡಿ ಎಂದು ನನ್ನ ಊಹೆ. ನಮ್ಮ ಕಡೆ ಜಾತ್ರೆಗೆ ಹೊರಟರೆ ಬಂಡಿಗೆ ಕಮಾನು ಕಟ್ಟಿ, ಒಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹಾಸುತ್ತಿದ್ದರು. ಬಾಣಂತಿಯರು, ವಯಸ್ಸಾದವರು, ಮಕ್ಕಳು ಒಳಗೆ ಮಲಗಿಯೇ ಊರು ತಲುಪುತ್ತಿದ್ದರು. ಬಂಡಿ ಹೋಗುತ್ತಿದ್ದುದು ಗಂಟೆಗೆ ನಾಲ್ಕು ಕಿಲೋಮೀಟರ್ ವೇಗದಲ್ಲಿ. ಎತ್ತು ಬೆದರಿದರೂ ಮೈಕೈ ತರಚಬಹುದಿತ್ತು, ಅಷ್ಟೇ. ಕ್ಯಾಲಿಫೋರ್ನಿಯದಲ್ಲಿ ಟ್ರೇಲರ್ ಎಳೆಯುವ ವಾಹನಕ್ಕೆ ವೇಗದ ಮಿತಿ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್. ಬಂಡಿಗಿಂತ 22 ಪಟ್ಟು ವೇಗ. ವೇಗ 22 ಪಟ್ಟಾದರೆ ಡಿಕ್ಕಿಯ ಹೊಡೆತದ ಶಕ್ತಿ 22 ಪಟ್ಟಲ್ಲ, 22ರ ವರ್ಗ, ಅಂದರೆ 484 ಪಟ್ಟು. 88 ಕಿಲೋಮೀಟರ್ ವೇಗದಲ್ಲಿದ್ದ ವಾಹನ ಗೋಡೆಗೆ ಬಡಿದು ನಿಲ್ಲುವುದು ಎಂದರೆ, ಒಳಗೆ ಕಟ್ಟಿಹಾಕಿಕೊಳ್ಳದೆ ಮಲಗಿದ್ದವರಿಗೆ ಸುಮಾರು 30 ಮೀಟರ್ ಎತ್ತರದಿಂದ ಬಿದ್ದ ಹಾಗೆ. ಹತ್ತು ಮಹಡಿಯ ಕಟ್ಟಡದ ತಾರಸಿಯನ್ನು ಒಮ್ಮೆ ನೆನಪಿಸಿಕೊಳ್ಳಿ.

ಕಾರಿಗೂ ಇದೇ ಲೆಕ್ಕವಲ್ಲವೆ ಎಂದು ಕೇಳಬಹುದು. ಲೆಕ್ಕ ಅದೇ, ಆದರೆ ಕಾರನ್ನು ಕಟ್ಟಿರುವುದೇ ಈ ಲೆಕ್ಕ ಇಟ್ಟುಕೊಂಡು. ಅದರ ಮೂತಿ ಮಡಚಿಕೊಂಡು ಹೊಡೆತವನ್ನು ನುಂಗುವಂತಿದೆ. ಕೂರುವ ಜಾಗದ ಸುತ್ತ ಗಟ್ಟಿ ಉಕ್ಕಿನ ಪಂಜರವಿದೆ. ಬೆಲ್ಟ್, ಗಾಳಿಚೀಲ, ತಲೆಗೆ ಆಸರೆ, ಒಡೆದರೂ ಚೂರಿಯಾಗದ ಗಾಜು, ಇವೆಲ್ಲ ಮನುಷ್ಯನ ಮೈಯನ್ನು ಗಮನದಲ್ಲಿಟ್ಟು ಮಾಡಿದವು. ಟ್ರೇಲರನ್ನು ಹಾಗೆ ಕಟ್ಟುವುದಿಲ್ಲ. ಕೆಳಗೆ ಉಕ್ಕಿನ ಚೌಕಟ್ಟು ಇರುತ್ತದೆ, ನಿಜ. ಅದರ ಮೇಲೆ ಏಳುವ ಗೋಡೆ ಸಾಮಾನ್ಯವಾಗಿ ತೆಳ್ಳಗಿನ ಮರದ ಅಥವಾ ಅಲ್ಯೂಮಿನಿಯಂ ಪಟ್ಟಿಗಳು, ನಡುವೆ ಫೋಮ್, ಹೊರಗೆ ತೆಳು ಅಲ್ಯೂಮಿನಿಯಂ ಇಲ್ಲವೆ ಫೈಬರ್‌ಗ್ಲಾಸ್ ಹಾಳೆ, ಒಳಗೆ ತೆಳು ಪ್ಲೈವುಡ್. ಹೆಚ್ಚಿನ ಕಡೆ ಇವನ್ನು ಹಿಡಿದಿಟ್ಟಿರುವುದು ಅಂಟು, ಸ್ಟೇಪಲ್ ಮತ್ತು ಸ್ಕ್ರೂ. ತೂಕ ಕಡಿಮೆ ಇರಬೇಕು, ಸಾಮಾನ್ಯ ಕಾರು, ಪಿಕಪ್‌ಗಳು ಎಳೆಯುವಂತಿರಬೇಕು ಎಂಬುದೇ ಅಲ್ಲಿ ಮೊದಲ ಲೆಕ್ಕ. ಒಳಗೆ ಜನ ಕೂತು ಹೋಗುತ್ತಾರೆ ಎಂಬ ಎಣಿಕೆಯೇ ಆ ವಿನ್ಯಾಸದಲ್ಲಿಲ್ಲ. ಅಮೆರಿಕದ ಸುರಕ್ಷತಾ ನಿಯಮಗಳು ಕಾರಿಗೆ ಬೆಲ್ಟ್ ಕಡ್ಡಾಯ ಮಾಡಿರುವಂತೆ ಟ್ರೇಲರ್‌ಗೆ ಮಾಡಿಲ್ಲ. ಆ ಸೋಫಾದಲ್ಲಿ ಬೆಲ್ಟ್ ಇಲ್ಲದಿರುವುದು ಯಾರದೋ ಮರೆವಲ್ಲ. ಅದು ವಾಹನದ ಆಸನವೇ ಅಲ್ಲ, ನಿಂತ ಮೇಲೆ ಕೂರಲಿಕ್ಕೆ ಇಟ್ಟ ಪೀಠೋಪಕರಣ.

ಅಪಘಾತವಾದರೆ ತಾನೆ ಎನ್ನುವವರು ಇದ್ದಾರೆ. ಅಪಘಾತವೇನೂ ಬೇಕಾಗಿಲ್ಲ. ಟ್ರೇಲರ್ ಎಳೆದು ಅಭ್ಯಾಸವಿರುವವರನ್ನು ಕೇಳಿ ನೋಡಿ, ತಂಗುವ ಜಾಗ ತಲುಪಿ ಬಾಗಿಲು ತೆರೆದಾಗ ಏನು ಕಾಣುತ್ತದೆ ಎಂದು. ಚಿಲಕ ಹಾಕಿದ್ದ ಕಪಾಟು ತೆರೆದುಕೊಂಡು ತಟ್ಟೆಗಳು ನೆಲದ ಮೇಲಿರುತ್ತವೆ. ಫ್ರಿಜ್ಜಿನ ಬಾಗಿಲು ತೆರೆದು ಹಾಲು ಚೆಲ್ಲಿರುತ್ತದೆ. ಹಾಸಿಗೆ ತಾನಿದ್ದ ಜಾಗ ಬಿಟ್ಟು ಸರಿದಿರುತ್ತದೆ. ಎಷ್ಟೋ ಟ್ರೇಲರ್‌ಗಳಲ್ಲಿ ಬರೀ ಪಟ್ಟೆ ಸ್ಪ್ರಿಂಗ್ ಇರುತ್ತದೆ, ಕಾರಿನಲ್ಲಿರುವ ಶಾಕ್ ಅಬ್ಸಾರ್ಬರ್ ಇರುವುದಿಲ್ಲ. ರಸ್ತೆಯ ಪ್ರತಿ ಸಂದು, ಪ್ರತಿ ಗುಂಡಿಗೂ ಒಳಗಿರುವುದೆಲ್ಲ ಎಗರುತ್ತದೆ. ಅಚ್ಚಿನ ಹಿಂದಿನ ಭಾಗವಂತೂ ಅಚ್ಚಿನ ಮೇಲಿನ ಭಾಗಕ್ಕಿಂತ ಹೆಚ್ಚು ಎಗರುತ್ತದೆ. ಕೆಲವು ಮಾದರಿಗಳಲ್ಲಿ ಮಂಚ ಇರುವುದು ಅಲ್ಲಿಯೇ. ಸೊಂಟನೋವಿಗೆ ಆರಾಮ ಹುಡುಕಿಕೊಂಡು ಹೋದವರು ಇಡೀ ವಾಹನದಲ್ಲಿ ಅತಿ ಹೆಚ್ಚು ಕುಕ್ಕುವ ಜಾಗದಲ್ಲಿ ಮಲಗಿದಂತಾಗುತ್ತದೆ. ಸುರಕ್ಷತೆಯ ಮಾತು ಬದಿಗಿಟ್ಟು ಬರೀ ಆರಾಮವನ್ನೇ ನೋಡಿದರೂ ಅದು ನಿಮ್ಮ ಮನೆಯವರು ಅಂದುಕೊಂಡ ಹಾಸಿಗೆಯಲ್ಲ.

ಚಿಕ್ಕವರಿದ್ದಾಗ ನಾವು ಮದುವೆಗೆ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಹೋಗುತ್ತಿದ್ದೆವು. ಒಮ್ಮೆ ಕಾಲುವೆಯ ಸೇತುವೆ ಇಳಿಯುವಾಗ ಟ್ರೇಲರ್ ಒಂದೇ ಒಂದು ಸಲ ಎಗರಿತು. ಟ್ರ್ಯಾಕ್ಟರ್ ಸೀಟಿನಲ್ಲಿದ್ದವನಿಗೆ ಏನೂ ಅನ್ನಿಸಲಿಲ್ಲ, ಹಾಗೇ ಹೊರಟ. ಹಿಂದೆ ನಮ್ಮ ಚಿಕ್ಕಮ್ಮನ ಮಣಿಕಟ್ಟು ಮುರಿದಿತ್ತು. ನಾವು ಕೂಗಿಕೊಂಡಿದ್ದು ಎಂಜಿನ್ ಸದ್ದಿನಲ್ಲಿ ಅವನಿಗೆ ಕೇಳಲೇ ಇಲ್ಲ, ಮುಂದಿನ ಊರಿನವರೆಗೂ ಹಾಗೇ ಹೋದೆವು. ಎಳೆಯುವವನಿಗೆ ಹಿಂದಿನವರ ಪಾಡು ತಿಳಿಯುವುದಿಲ್ಲ ಎಂಬುದನ್ನು ನಾನು ಕಲಿತದ್ದು ಅವತ್ತು. ನಮ್ಮ ರಸ್ತೆಗಳಲ್ಲಿ ಕೂಲಿಗೆ, ಜಾತ್ರೆಗೆ, ಮದುವೆಗೆ ಹೊರಟವರನ್ನು ಟ್ರೇಲರ್‌ನಲ್ಲಿ ತುಂಬಿಕೊಂಡು ಹೋಗುವುದು ಇವತ್ತಿಗೂ ನಿಂತಿಲ್ಲ. ಮಗುಚಿದ ಟ್ರೇಲರ್‌ನ ಸುದ್ದಿ ಪತ್ರಿಕೆಯಲ್ಲಿ ಓದಿದಾಗೆಲ್ಲ ಆ ಮಣಿಕಟ್ಟು ನೆನಪಾಗುತ್ತದೆ, ಹೊಟ್ಟೆ ತೊಳಸುತ್ತದೆ.

ಈಗ ನೀವು ಕೇಳದೆ ಇದ್ದರೂ ಹೇಳಲೇಬೇಕಾದ ಮಾತೊಂದಿದೆ. ಒಳಗೆ ಜನ ಇರುವುದು ಒಳಗಿರುವವರಿಗಷ್ಟೇ ಅಪಾಯವಲ್ಲ, ಮುಂದೆ ಕಾರಿನಲ್ಲಿ ಕೂತವರಿಗೂ ಅಪಾಯ. ಬಂಡಿ ಹೂಡಿದವರಿಗೆ ಮುಂಭಾರ, ಹಿಂಭಾರ ಎಂದರೆ ಗೊತ್ತಿರುತ್ತದೆ. ಹೇರು ಹಿಂದೆ ಹೆಚ್ಚಾದರೆ ಮೂಕಿ ಮೇಲೆದ್ದು ಜತ್ತಿಗೆ ಎತ್ತಿನ ಕೊರಳನ್ನು ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ನೊಗ ಹೆಗಲನ್ನು ತಿನ್ನುತ್ತದೆ. ಅದಕ್ಕೇ ಹೊಡೆಯುವವನು, ಒಬ್ಬರು ಸ್ವಲ್ಪ ಮುಂದಕ್ಕೆ ಬನ್ನಿ ಎಂದು ಕೂಗಿ ಭಾರ ಸರಿಮಾಡಿಕೊಳ್ಳುತ್ತಿದ್ದ. ಟ್ರೇಲರ್‌ನದೂ ಇದೇ ಶಾಸ್ತ್ರ. ಅದರ ಮೂಕಿ ಕಾರಿನ ಹಿಂಬದಿಯ ಕೊಕ್ಕೆಯ ಮೇಲೆ ಕೂರುತ್ತದೆ. ಟ್ರೇಲರ್‌ನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಭಾರ ಆ ಕೊಕ್ಕೆಯ ಮೇಲಿರಬೇಕು. ಅದಕ್ಕಿಂತ ಕಡಿಮೆಯಾದರೆ ಟ್ರೇಲರ್‌ನ ಬಾಲ ಎಡಕ್ಕೂ ಬಲಕ್ಕೂ ಬೀಸತೊಡಗುತ್ತದೆ. ವೇಗ ಹೆಚ್ಚಿದ್ದರೆ ಒಂದೊಂದು ಬೀಸೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಹೋಗಿ, ಕೊನೆಗೆ ಟ್ರೇಲರ್ ಕಾರನ್ನೂ ಎಳೆದುಕೊಂಡು ಮಗುಚುತ್ತದೆ. ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗಿನ ಗಾಳಿ, ಇಳಿಜಾರು, ಒಂದು ಸಣ್ಣ ತಿರುವು, ಇದನ್ನು ಶುರುಮಾಡಲು ಇಷ್ಟೇ ಸಾಕು.

ಒಂದು ಲೆಕ್ಕ ಮಾಡೋಣ. ಟ್ರೇಲರ್ 2,000 ಕೆ.ಜಿ. ಇದೆ. ಕೊಕ್ಕೆಯ ಮೇಲೆ 240 ಕೆ.ಜಿ. ಭಾರವಿದೆ, ಅಂದರೆ ಶೇ. 12, ಸರಿಯಾಗಿದೆ. ಕೊಕ್ಕೆಗೂ ಅಚ್ಚಿಗೂ ನಡುವೆ 5 ಮೀಟರ್ ದೂರ. 70 ಕೆ.ಜಿ. ತೂಕದ ಒಬ್ಬರು ಅಚ್ಚಿಗಿಂತ ಒಂದು ಮೀಟರ್ ಮುಂದೆ ಸೋಫಾದಲ್ಲಿ ಕೂತಿದ್ದವರು ಎದ್ದು, ಅಚ್ಚಿನಿಂದ ಎರಡೂವರೆ ಮೀಟರ್ ಹಿಂದಿರುವ ಮಂಚಕ್ಕೆ ಹೋದರು ಎನ್ನಿ. ಅಷ್ಟಕ್ಕೇ ಕೊಕ್ಕೆಯ ಮೇಲಿನ ಭಾರ 49 ಕೆ.ಜಿ. ಇಳಿಯುತ್ತದೆ. 240 ಇದ್ದದ್ದು 191 ಆಯಿತು, ಶೇ. 10ಕ್ಕಿಂತ ಕೆಳಗೆ ಬಂತು. ಅದೇ ತೂಕದ ಮೂವರು ಎದ್ದು ಹಿಂದೆ ಹೋದರೆ ಉಳಿಯುವುದು 93 ಕೆ.ಜಿ., ಶೇ. 5ಕ್ಕೂ ಕಡಿಮೆ. ಹೊರಡುವ ಮೊದಲು ನಿಮ್ಮ ಮಗ ಎಷ್ಟೇ ಎಚ್ಚರಿಕೆಯಿಂದ ಸಾಮಾನು ಜೋಡಿಸಿ ತೂಕ ಹೊಂದಿಸಿದ್ದರೂ, ಎದ್ದು ಓಡಾಡುವ ಮನುಷ್ಯ ಆ ಹೊಂದಾಣಿಕೆಯನ್ನು ಕೆಡಿಸುತ್ತಾನೆ. ಅದು ಅವನಿಗೆ ಗೊತ್ತಾಗುವುದು ಸ್ಟಿಯರಿಂಗ್ ಅದುರತೊಡಗಿದ ಮೇಲೆಯೇ. ಅಂಥ ಹೊತ್ತಿನಲ್ಲಿ ಗಾಬರಿಯಿಂದ ಕಾರಿನ ಬ್ರೇಕ್ ಒತ್ತಿದರೆ ಪರಿಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿದು, ಟ್ರೇಲರ್‌ನ ಬ್ರೇಕನ್ನು ಮಾತ್ರ ಪ್ರತ್ಯೇಕವಾಗಿ ಹಾಕಬೇಕು. ಅಮ್ಮ ಹಿಂದೆ ಮಲಗಿದ್ದಾರೆ ಎಂಬ ಯೋಚನೆ ತಲೆಯಲ್ಲಿರುವ ಮಗನಿಗೆ ಆಗ ತಲೆ ತಣ್ಣಗಿಟ್ಟುಕೊಳ್ಳುವುದು ಎಷ್ಟು ಕಷ್ಟವೆಂದು ನೀವೇ ಊಹಿಸಿ.

ಗಾಳಿಯ ವಿಷಯವೂ ಇದೆ. ಓಡುವ ವಾಹನದ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ. ಕಾರಿನ ಹೊಗೆ ಅಲ್ಲೇ ಸುಳಿದಾಡುತ್ತದೆ. ಟ್ರೇಲರ್ ಇರುವುದು ಸರಿಯಾಗಿ ಆ ಹೊಗೆಯ ದಾರಿಯಲ್ಲಿ. ಸೆಕೆಯೆಂದು ಕಿಟಕಿ ತೆರೆದರೆ, ಇಲ್ಲವೆ ನೆಲದ ಸಂದಿನಿಂದ, ಹೊಗೆ ಒಳಗೆ ಬರಬಹುದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬರುತ್ತದೆ, ಮಲಗಿದವರು ಪ್ರಯಾಣದ ಆಯಾಸವೆಂದುಕೊಂಡು ಮಲಗೇ ಇರುತ್ತಾರೆ. ಜತೆಗೆ ಒಲೆ, ಫ್ರಿಜ್ಜಿಗಾಗಿ ಮುಂದೆ ಮೂಕಿಯ ಮೇಲೆ ಪ್ರೊಪೇನ್ ಅನಿಲದ ಸಿಲಿಂಡರ್ ಇರುತ್ತದೆ. ಹೊರಡುವ ಮೊದಲು ಅದರ ವಾಲ್ವನ್ನು ತಿರುಗಿಸಿ ಮುಚ್ಚಿಸಿ. ಫ್ರಿಜ್ ಮೂರು ನಾಲ್ಕು ಗಂಟೆ ಮುಚ್ಚಿಯೇ ಇದ್ದರೆ ಒಳಗಿನ ತಂಪು ಹೋಗುವುದಿಲ್ಲ.

ಇಷ್ಟಾದರೂ ಕೊಕ್ಕೆಯೇ ಕಳಚಿಕೊಂಡರೆ? ಅದಕ್ಕೂ ಏರ್ಪಾಟಿದೆ. ಕೊಕ್ಕೆಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಕುವ ಎರಡು ಸರಪಳಿ ಇವೆ. ಸರಪಳಿಯೂ ಹೋದರೆ ಟ್ರೇಲರ್‌ನ ಬ್ರೇಕನ್ನು ತಾನಾಗಿ ಒತ್ತುವ ಸ್ವಿಚ್ಚೊಂದಿದೆ. ಈ ಏರ್ಪಾಟುಗಳು ಯಾಕಿವೆ ಎಂದರೆ ಟ್ರೇಲರ್‌ಗಳು ಕಳಚಿಕೊಳ್ಳುತ್ತವೆ, ಅದಕ್ಕೆ. 1938ರಲ್ಲಿ ಡಿಸ್ನಿಯವರು ಮಾಡಿದ ಮಿಕೀಸ್ ಟ್ರೇಲರ್ ಎಂಬ ಕಾರ್ಟೂನನ್ನು ನೀವೂ ನೋಡಿರಬಹುದು. ಗೂಫಿ ಕಾರು ಓಡಿಸುತ್ತಿರುತ್ತಾನೆ, ಮಿಕ್ಕಿ ಮತ್ತು ಡೊನಾಲ್ಡ್ ಓಡುವ ಟ್ರೇಲರ್‌ನೊಳಗೇ ಅಡುಗೆ, ಸ್ನಾನ ಮಾಡುತ್ತಾರೆ. ತಿಂಡಿಯ ಕರೆ ಬಂದಾಗ ಗೂಫಿ ಸ್ಟಿಯರಿಂಗ್ ಬಿಟ್ಟು ಬರುತ್ತಾನೆ, ಕೊನೆಗೆ ಕೊಕ್ಕೆ ಕಳಚಿ ಟ್ರೇಲರ್ ಬೆಟ್ಟದಿಂದ ಕೆಳಕ್ಕೆ ಉರುಳುತ್ತ ಓಡುತ್ತದೆ. 1954ರಲ್ಲಿ ಬಂದ ದ ಲಾಂಗ್, ಲಾಂಗ್ ಟ್ರೇಲರ್ ಸಿನಿಮಾದಲ್ಲೂ ಲೂಸಿಲ್ ಬಾಲ್ ಓಡುವ ಟ್ರೇಲರ್‌ನಲ್ಲಿ ರಾತ್ರಿಯೂಟ ತಯಾರಿಸಲು ಹೋಗಿ ಪಾತ್ರೆ ಪಗಡೆಯ ಸಮೇತ ಅತ್ತಿತ್ತ ಬೀಳುತ್ತಾರೆ. ಟ್ರೇಲರ್ ಬಂದ ಕಾಲದಿಂದಲೂ ಅದರೊಳಗೆ ಕೂತು ಹೋಗಬೇಕೆಂಬ ಆಸೆ ಜನರಿಗಿತ್ತು. ನಿಮ್ಮ ಮನೆಯವರ ಆಸೆ ಹೊಸದೇನಲ್ಲ, ತಪ್ಪೂ ಅಲ್ಲ.

ಇನ್ನು ಕಾನೂನು. ಕ್ಯಾಲಿಫೋರ್ನಿಯದ ವಾಹನ ಸಂಹಿತೆಯ 21712ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ವಾಸದ ಟ್ರೇಲರ್‌ನಲ್ಲಿ ಜನರಿದ್ದಾರೆಂದು ತಿಳಿದೂ ಅದನ್ನು ಎಳೆದುಕೊಂಡು ಹೋಗುವುದು ಓಡಿಸುವವನ ತಪ್ಪು. ಅಂದರೆ ಸಿಕ್ಕಿಬೀಳುವುದು ನಿಮ್ಮ ಮಗ. ಇದಕ್ಕೊಂದು ವಿನಾಯಿತಿ ಇದೆ, ಅದನ್ನು ಯಾರಾದರೂ ನಿಮಗೆ ಹೇಳಿದರೆ ಗೊಂದಲವಾದೀತು. ಫಿಫ್ತ್ ವೀಲ್ ಎಂಬ ಬಗೆಯ ಟ್ರೇಲರ್‌ಗಳಿವೆ. ಅವುಗಳ ಕೊಕ್ಕೆ ಕಾರಿನ ಬಾಲಕ್ಕಲ್ಲ, ಪಿಕಪ್ ಟ್ರಕ್ಕಿನ ಹಿಂದಿನ ಅಚ್ಚಿನ ಮೇಲೆಯೇ ಕೂರುತ್ತದೆ, ಹಾಗಾಗಿ ಬಾಲ ಬೀಸುವುದು ಕಡಿಮೆ. ಅಂಥದ್ದರಲ್ಲಿ ಒಡೆದರೂ ಅಪಾಯ ಮಾಡದ ಸುರಕ್ಷಾ ಗಾಜು, ಒಳಗಿನವರು ಡ್ರೈವರ್‌ನ ಗಮನ ಸೆಳೆಯಬಲ್ಲ ಗಂಟೆಯೋ ದೀಪವೋ, ಒಳಗಿನಿಂದಲೂ ಹೊರಗಿನಿಂದಲೂ ತೆರೆಯುವ ಅಡ್ಡಿಯಿಲ್ಲದ ಬಾಗಿಲು, ಈ ಮೂರೂ ಇದ್ದರೆ ಕ್ಯಾಲಿಫೋರ್ನಿಯ ಜನರನ್ನು ಕೂರಿಸಲು ಬಿಡುತ್ತದೆ. ಆದರೆ ನಿಮ್ಮ ಮಗ ಬಾಡಿಗೆಗೆ ಹಿಡಿಯುವುದು ಕಾರು ಎಳೆಯುವ ಬಗೆಯದು, ಅದಕ್ಕೆ ಈ ವಿನಾಯಿತಿ ಇಲ್ಲ. ಫಿಫ್ತ್ ವೀಲ್ ಆಗಿದ್ದರೂ ನಾನು ಹೋಗಬೇಡಿ ಎಂದೇ ಹೇಳುತ್ತಿದ್ದೆ. ಆ ಮೂರು ಷರತ್ತುಗಳು ಕೂಗಲಿಕ್ಕೆ, ಹೊರಬರಲಿಕ್ಕೆ ಇರುವವು. ಡಿಕ್ಕಿಯಾದಾಗ ಮೈಯನ್ನು ಹಿಡಿದಿಡುವ ಷರತ್ತು ಅವುಗಳಲ್ಲಿ ಒಂದೂ ಇಲ್ಲ.

ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಮುಂದೆ ಯಾವಾಗಲಾದರೂ ಗಡಿ ದಾಟುವ ಪ್ರವಾಸ ಮಾಡಿದರೆ ಆಯಾ ರಾಜ್ಯದ್ದನ್ನು ನೋಡಿಕೊಳ್ಳಬೇಕು. ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ನೆಂಟರಿದ್ದರೆ ಅಲ್ಲಿಯೂ ಎಳೆಯುವ ಕ್ಯಾರವಾನಿನೊಳಗೆ ಕೂತು ಹೋಗುವಂತಿಲ್ಲ ಎಂಬುದು ನೆನಪಿರಲಿ.

ಇನ್ನು ನಾಯಿ, ಬೆಕ್ಕು. ಮನುಷ್ಯರ ಬಗ್ಗೆ ಹೇಳಿದ್ದೆಲ್ಲ ಅವಕ್ಕೂ ಸಲ್ಲುತ್ತದೆ. ಅವಕ್ಕೆ ಇನ್ನೊಂದು ಕಷ್ಟ ಹೆಚ್ಚು, ಅದು ಸೆಕೆ. ಫ್ರೀಮಾಂಟ್‌ನಿಂದ ಹೊರಟವರು ಮ್ಯಾಂಟೀಕ, ಓಕ್‌ಡೇಲ್ ಕಡೆಯ ಸೆಂಟ್ರಲ್ ವ್ಯಾಲಿಯನ್ನು ದಾಟಿ ಹೋಗಬೇಕು. ಬೇಸಿಗೆಯ ಮಧ್ಯಾಹ್ನ ಅಲ್ಲಿ 38 ಡಿಗ್ರಿ ದಾಟುವುದು ಸಾಮಾನ್ಯ. ಕಾರಿನ ಎ.ಸಿ. ಟ್ರೇಲರ್‌ಗೆ ಹೋಗುವುದಿಲ್ಲ. ಟ್ರೇಲರ್‌ನ ಚಾವಣಿಯ ಎ.ಸಿ.ಗೆ ತಂಗುವ ಜಾಗದ ವಿದ್ಯುತ್ ಸಂಪರ್ಕವೋ ಜನರೇಟರೋ ಬೇಕು, ಓಡುವಾಗ ಅದು ಸಾಮಾನ್ಯವಾಗಿ ಸುಮ್ಮನಿರುತ್ತದೆ. ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರುವ ಶಕ್ತಿ ಇಲ್ಲ, ನಾಲಿಗೆ ಚಾಚಿ ತೇಕಿಯೇ ತಂಪು ಮಾಡಿಕೊಳ್ಳಬೇಕು. ಅದರ ಸಹಜ ಉಷ್ಣತೆಯೇ ಸುಮಾರು 38.3ರಿಂದ 39.2 ಡಿಗ್ರಿ. 41 ದಾಟಿದರೆ ಒಳಗಿನ ಅಂಗಾಂಗಗಳು ಕೆಡತೊಡಗುತ್ತವೆ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ತೇಕುವುದೂ ಕಷ್ಟ, ಅವು ಇನ್ನೂ ಬೇಗ ಸೋಲುತ್ತವೆ. ಮತ್ತೆ ನಾಯಿ ಕಂಗೆಟ್ಟು ಬೊಗಳಿದರೂ, ಸದ್ದಡಗಿ ಬಿದ್ದರೂ, ಮುಂದೆ ಯಾರಿಗೂ ತಿಳಿಯುವುದಿಲ್ಲ. ನಮ್ಮ ಚಿಕ್ಕಮ್ಮ ಕೂಗಾದರೂ ಕೂಗಿದ್ದರು.

ಬೆಕ್ಕಿನ ಕಥೆ ಬೇರೆ. ಹೆದರಿದ ಬೆಕ್ಕು ಕತ್ತಲಿನ ಇಕ್ಕಟ್ಟಾದ ಸಂದು ಹುಡುಕುತ್ತದೆ. ಈಗಿನ ಎಷ್ಟೋ ಟ್ರೇಲರ್‌ಗಳಲ್ಲಿ ತಂಗಿದ ಮೇಲೆ ಗುಂಡಿ ಒತ್ತಿದರೆ ಗೋಡೆಯೊಂದು ಡ್ರಾಯರಿನಂತೆ ಹೊರಕ್ಕೆ ಸರಿದು ಕೋಣೆ ಅಗಲವಾಗುತ್ತದೆ. ಸ್ಲೈಡ್ ಔಟ್ ಎನ್ನುತ್ತಾರೆ. ಆ ಗೋಡೆಯ ಕೆಳಗಿನ, ಹಿಂದಿನ ಸಂದು ಬೆಕ್ಕಿಗೆ ಬಲು ಇಷ್ಟದ ಜಾಗ. ಬೆಕ್ಕು ಎಲ್ಲಿದೆ ಎಂದು ಕಣ್ಣಾರೆ ನೋಡದೆ ಆ ಗುಂಡಿ ಒತ್ತಬಾರದು ಎಂದು ಮಗನಿಗೆ ಹೇಳಿ. ಇದೊಂದು ಮಾತಿಗಾಗಿಯೇ ಈ ಉತ್ತರ ಅವನ ಕಣ್ಣಿಗೆ ಬಿದ್ದರೂ ನನಗೆ ಸಂತೋಷ.

ಹಾಗಾದರೆ ಅವು ಹೇಗೆ ಬರಬೇಕು? ಕಾರಿನಲ್ಲೇ, ಆದರೆ ಬಿಡುಬೀಸಾಗಿ ಅಲ್ಲ. 30 ಕೆ.ಜಿ.ಯ ಲ್ಯಾಬ್ರಡಾರ್ 88 ಕಿಲೋಮೀಟರ್ ವೇಗದಿಂದ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ ಅದನ್ನು ತಡೆಯುವ ಪಟ್ಟಿಯ ಮೇಲೆ ಬೀಳುವ ಜಗ್ಗು ಸುಮಾರು 750 ಕೆ.ಜಿ. ತೂಕಕ್ಕೆ ಸಮ. ಮಡಿಲಲ್ಲಿ ಹಿಡಿದು ಕೂರುತ್ತೇನೆ ಎನ್ನುವುದು ಆಗದ ಮಾತು. ಎದೆಗೆ ಸುತ್ತುವ ಅಗಲ ಪಟ್ಟಿಯ ಹಾರ್ನೆಸ್ ಹಾಕಿ ಹಿಂದಿನ ಸೀಟಿನ ಬೆಲ್ಟಿಗೆ ಸೇರಿಸಬೇಕು. ಕೊರಳಪಟ್ಟಿಗೆ ಮಾತ್ರ ಕಟ್ಟಲೇಬಾರದು, ಕತ್ತು ಮುರಿಯುತ್ತದೆ. ಇಲ್ಲವೆ ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಪೆಟ್ಟಿಗೆಯನ್ನು ವಾಹನಕ್ಕೆ ಬಿಗಿಯಬೇಕು. ಅಮೆರಿಕದಲ್ಲಿ ಸೆಂಟರ್ ಫಾರ್ ಪೆಟ್ ಸೇಫ್ಟಿ ಎಂಬ ಸಂಸ್ಥೆ ಇಂಥ ಹಾರ್ನೆಸ್, ಪೆಟ್ಟಿಗೆಗಳನ್ನು ಡಿಕ್ಕಿ ಪರೀಕ್ಷೆಗೆ ಒಡ್ಡಿ ನೋಡುತ್ತದೆ, ಕೊಳ್ಳುವ ಮೊದಲು ಅದರ ಪಟ್ಟಿ ನೋಡಿಕೊಂಡರೆ ಒಳ್ಳೆಯದು. ಬೆಕ್ಕಿಗೆ ಚಿಕ್ಕ ಪೆಟ್ಟಿಗೆ ಸಾಕು, ಮುಂದಿನ ಸೀಟಿನ ಹಿಂದೆ ಕಾಲಿಡುವ ಜಾಗದಲ್ಲಿ ಅಲುಗಾಡದಂತೆ ಇಡಿ, ಮೇಲೊಂದು ತೆಳು ಬಟ್ಟೆ ಹೊದಿಸಿದರೆ ಅದು ಬೇಗ ಸುಮ್ಮನಾಗುತ್ತದೆ. ಜಾಗ ಸಾಲದಿದ್ದರೆ ಟ್ರೇಲರ್‌ಗೆ ಹೋಗಬೇಕಾದದ್ದು ಸೂಟ್‌ಕೇಸುಗಳು.

ತಲುಪಿದ ಮೇಲಿನ ಮಾತೂ ಇದೆ. ಯೊಸೆಮಿಟಿಯಲ್ಲಿ ಹೆಚ್ಚಿನ ಕಾಡುದಾರಿಗಳಿಗೆ ನಾಯಿಯನ್ನು ಬಿಡುವುದಿಲ್ಲ. ಟಾರು ಹಾಕಿದ ದಾರಿ, ತಂಗುವ ಜಾಗ ಇಷ್ಟರಲ್ಲೇ, ಅದೂ ಆರು ಅಡಿ ಮೀರದ ಹಗ್ಗದಲ್ಲಿ. ಆಗ ಅದನ್ನು ಟ್ರೇಲರ್‌ನಲ್ಲೇ ಬಿಟ್ಟು ಜಲಪಾತ ನೋಡಿ ಬರೋಣ ಎನ್ನಿಸುತ್ತದೆ. ಉದ್ಯಾನದೊಳಗಿನ ತಂಗುದಾಣಗಳಲ್ಲಿ ವಿದ್ಯುತ್ ಸಂಪರ್ಕ ಕೊಡುವುದಿಲ್ಲ, ಎ.ಸಿ. ಓಡುವುದಿಲ್ಲ. ಸ್ಟ್ಯಾನ್‌ಫರ್ಡ್‌ನ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತ್ತು, ಅದರ ಶೇ. 80 ಭಾಗ ಏರಿದ್ದು ಮೊದಲ ಅರ್ಧ ಗಂಟೆಯಲ್ಲೇ. ಹೊರಗೆ ತಂಪೆನ್ನಿಸಿದ ದಿನಗಳಲ್ಲೂ ಹಾಗೇ ಆಗಿತ್ತು. ಟ್ರೇಲರ್ ಕಾರಿಗಿಂತ ದೊಡ್ಡದು, ಏರುವುದು ಸ್ವಲ್ಪ ನಿಧಾನವಾಗಬಹುದು, ಆದರೆ ಏರುತ್ತದೆ. ಕ್ಯಾಲಿಫೋರ್ನಿಯದ ದಂಡ ಸಂಹಿತೆಯ 597.7ನೇ ಕಲಮಿನ ಪ್ರಕಾರ ಪ್ರಾಣಿಯನ್ನು ಜೀವಕ್ಕೆ ಕುತ್ತಾಗುವ ಸೆಕೆಯಲ್ಲಿ ವಾಹನದಲ್ಲಿ ಒಂಟಿಯಾಗಿ ಬಿಡುವುದು ಅಪರಾಧ. ಒಬ್ಬರು ನಾಯಿಯ ಜತೆ ಮರದ ನೆರಳಲ್ಲಿ ಕೂತಿರಿ, ಇನ್ನೊಬ್ಬರು ಹೋಗಿ ಬನ್ನಿ. ಸೊಂಟನೋವಿನವರಿಗೆ ಆ ಕೆಲಸ ಹಿತವೂ ಆದೀತು.

ಈಗ ನಿಮ್ಮ ಮನೆಯವರ ಸೊಂಟ. ಫ್ರೀಮಾಂಟ್‌ನಿಂದ ಯೊಸೆಮಿಟಿ ಕಣಿವೆಗೆ ಹೆಚ್ಚೆಂದರೆ 300 ಕಿಲೋಮೀಟರ್. ಟ್ರೇಲರ್ ಕಟ್ಟಿಕೊಂಡು ಹೊರಟರೆ ನಿಲುಗಡೆ ಬಿಟ್ಟು ನಾಲ್ಕೈದು ಗಂಟೆ ಆದೀತು. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬೆನ್ನಿನ ಬಾಗಿಗೆ ಚಿಕ್ಕ ದಿಂಬು ಕೊಡಿ. ಸೀಟನ್ನು ತುಸು ಹಿಂದಕ್ಕೆ ಒರಗಿಸಿದರೆ ಸಾಕು. ಪೂರ್ತಿ ಮಲಗಿಸಿದರೆ ಬೆಲ್ಟ್ ಸೊಂಟದ ಮೂಳೆಯಿಂದ ಜಾರಿ ಹೊಟ್ಟೆಗೆ ಬರುತ್ತದೆ, ಡಿಕ್ಕಿಯಾದರೆ ಅವರ ಮೈ ಅದರ ಕೆಳಗೆ ನುಸುಳುತ್ತದೆ. ಪ್ರತಿ ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ. ಟ್ರೇಲರ್‌ನ ನಿಜವಾದ ಉಪಕಾರ ತಿಳಿಯುವುದು ಆಗ. ರಸ್ತೆಬದಿಯ ವಿಶ್ರಾಂತಿ ತಾಣದಲ್ಲಿ ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ, ಕಾರಿನ ಹ್ಯಾಂಡ್‌ಬ್ರೇಕ್ ಹಾಕಿ, ಟ್ರೇಲರ್‌ನ ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು ಅವರನ್ನು ಒಳಗೆ ಕಳಿಸಿ. ಇಪ್ಪತ್ತು ನಿಮಿಷ ಕಾಲು ಚಾಚಿ ಮಲಗಲಿ, ಬಿಸಿ ಕಾಫಿ ಕುಡಿಯಲಿ, ಶೌಚಾಲಯ ಮುಗಿಸಲಿ. ಓಕ್‌ಡೇಲ್‌ನಲ್ಲೊಂದು ನಿಲುಗಡೆ ಇರಲೇಬೇಕು, ಯಾಕೆಂದರೆ ಅದರ ಮುಂದೆ ಏರು ಶುರು. ಮೊಕಾಸಿನ್ ದಾಟಿದ ಮೇಲೆ ಪ್ರೀಸ್ಟ್ ಗ್ರೇಡ್ ಎಂಬ ಏರಿಗೆ ಎರಡು ದಾರಿಗಳಿವೆ. ಹಳೆಯದು ಗಿಡ್ಡ, ಆದರೆ ಗೋಡೆಯಂತೆ ಕಡಿದು, ಟ್ರೇಲರ್ ಕಟ್ಟಿಕೊಂಡು ಅತ್ತ ಹೋಗಲೇಬಾರದು. ಹೊಸದು ಆಗುಂಬೆಯ ಹಾಗೆ ತಿರುವಿನ ಮೇಲೆ ತಿರುವು, ನಿಧಾನವಾಗಿ ಹತ್ತಬೇಕು. ಅದು ಮುಗಿದರೆ ಗ್ರೋವ್‌ಲ್ಯಾಂಡ್ ಎಂಬ ಪುಟ್ಟ ಊರು. ಅಲ್ಲಿ ಇನ್ನೊಂದು ವಿಶ್ರಾಂತಿ. ಆ ತಿರುವುಗಳಲ್ಲಿ ಅವರು ಹಿಂದೆ ಒಬ್ಬರೇ ಮಂಚದ ಮೇಲಿದ್ದಿದ್ದರೆ ಏನಾಗುತ್ತಿತ್ತು ಎಂದು ಆಗ ಅವರೇ ಹೇಳಿಯಾರು.

ಕೂರುವುದು ಅಷ್ಟೂ ಆಗದು ಎನ್ನುವ ಹಾಗಿದ್ದರೆ ಟ್ರೇಲರ್ ಬದಲು ಮೋಟರ್‌ಹೋಮ್ ಬಾಡಿಗೆಗೆ ಸಿಗುತ್ತದೆಯೇ ನೋಡಲಿ. ಎಂಜಿನ್, ಮನೆ ಎರಡೂ ಒಂದೇ ಚೌಕಟ್ಟಿನ ಮೇಲಿರುವ ವಾಹನ ಅದು. ನಮ್ಮ ಬೆಂಗಳೂರಿನಿಂದ ಹೊರಡುವ ಕ್ಯಾರವಾನ್‌ಗಳಲ್ಲಿ ಹೆಚ್ಚಿನವು ಈ ಬಗೆಯವು. ಅದರಲ್ಲಿ ಬೆಲ್ಟಿರುವ ಸೀಟುಗಳು ಇರುತ್ತವೆ, ಎ.ಸಿ. ಇರುತ್ತದೆ, ಡ್ರೈವರ್‌ಗೆ ಮಾತು ಕೇಳುತ್ತದೆ, ನಾಯಿಯನ್ನೂ ಕಣ್ಣೆದುರೇ ಕಟ್ಟಬಹುದು. ಅದರಲ್ಲೂ ಓಡುವಾಗ ಮಂಚದ ಮೇಲೆ ಮಲಗುವಂತಿಲ್ಲ, ಎದ್ದು ಒಲೆ ಹಚ್ಚುವಂತಿಲ್ಲ. ಆದರೆ ನಿಲ್ಲಿಸಿದ ಮರುಗಳಿಗೆಗೆ ನಾಲ್ಕು ಹೆಜ್ಜೆ ಇಟ್ಟರೆ ಹಾಸಿಗೆ.

ಪ್ರತಿ ಸಲ ಹೊರಡುವ ಮುಂಚೆ ತಲೆ ಎಣಿಸಿ. ಮಕ್ಕಳು ಜತೆಗಿದ್ದರೆ ಕಣ್ಣಾಮುಚ್ಚಾಲೆ ಆಡುತ್ತ ಮಂಚದ ಕೆಳಗೆ ಸೇರಿಕೊಂಡಿರಬಹುದು, ಬೆಕ್ಕು ಯಾರ ಕಾಲಸಂದಿನಲ್ಲೋ ಒಳಗೆ ನುಸುಳಿರಬಹುದು. ಒಬ್ಬರು ಒಳಗೆ ಹೋಗಿ ನೋಡಿ ಬಂದು, ಆಮೇಲೆ ಹೊರಗಿನಿಂದ ಬೀಗ ಹಾಕಬೇಕು. ಈ ಕೆಲಸ ಒಬ್ಬರದೇ ಆಗಿರಲಿ. ಎಲ್ಲರದೂ ಆದರೆ ಯಾರೂ ನೋಡುವುದಿಲ್ಲ. ನನ್ನನ್ನು ಕೇಳಿದರೆ ನಿಮ್ಮ ಮನೆಯವರಿಗೇ ಬೀಗದ ಕೈ ಕೊಟ್ಟುಬಿಡಿ.

ತಂಗುದಾಣದ ಗೇಟು ದಾಟಿದ ಮೇಲಾದರೂ ಒಳಗೆ ಹೋಗಿ ಕೂರಲೇ, ಇನ್ನು ನೂರು ಗಜ ತಾನೆ ಎಂದು ಅವರು ಕೇಳಿಯಾರು. ಇಲ್ಲ. ಟ್ರೇಲರನ್ನು ಹಿಂದಕ್ಕೆ ಹಾಕಿ ಜಾಗಕ್ಕೆ ಕೂರಿಸುವಾಗ ಅದು ಮುಗ್ಗರಿಸುತ್ತದೆ, ತಟ್ಟನೆ ನಿಲ್ಲುತ್ತದೆ, ಒಳಗೆ ನಿಂತವರು ಬೀಳುವುದು ಆಗಲೇ. ಅವರು ಕಾರಿನಿಂದ ಇಳಿದು, ಮಗನಿಗೆ ಕನ್ನಡಿಯಲ್ಲಿ ಕಾಣುವ ಹಾಗೆ ದೂರದಲ್ಲಿ ನಿಂತು ಕೈಸನ್ನೆ ಮಾಡಲಿ. ಚಕ್ರಕ್ಕೆ ಅಡ್ಡಗಟ್ಟೆ ಬಿದ್ದು, ಟ್ರೇಲರ್‌ನ ಆಸರೆಗಾಲುಗಳು ನೆಲಕ್ಕಿಳಿದು, ಮೆಟ್ಟಿಲು ಹೊರಬಂದ ಮೇಲೆ ಬೀಗ ತೆಗೆದು ಮೊದಲು ಒಳಗೆ ಹೋಗುವವರು ಅವರೇ ಆಗಲಿ.